ಆವರಣವೋ, ಆಭರಣವೋ

ವೇದಾಂತದ ಪರಮಸಿದ್ಧಾಂತವನ್ನು ಬಟ್ಟೆಯ ಮೇಲೆ ಬರೆದ ಚಿತ್ರವೊಂದರ ನೆವದಿಂದ ಬೋಧಿಸಿದ ಆಚಾರ್ಯರು ಕನ್ನಡನಾಡಿನಲ್ಲಿ ಆಗಿಹೋಗಿದ್ದಾರೆ. 14ನೆಯ ಶತಮಾನದಲ್ಲಿ ಶೃಂಗೇರಿಯ ಪೀಠವನ್ನಲಂಕರಿಸಿದ್ದ ವಿದ್ಯಾರಣ್ಯರ ಹೆಸರಿನಿಂದ ಪ್ರಸಿದ್ಧವಾಗಿರುವ ‘ಪಂಚದಶೀ’ಯ ಹದಿನೈದು ಪ್ರಕರಣಗಳಲ್ಲಿ ಆರನೆಯದಕ್ಕೆ ‘ಚಿತ್ರದೀಪ’ವೆಂದು ಹೆಸರು. ಒಗೆದು ಶುಭ್ರವಾದ ಬಟ್ಟೆ, ಅನ್ನದ ಗಂಜಿಯನ್ನು ಲೇಪಿಸಿ ಗಟ್ಟಿಗೊಳಿಸಿದ ಬಟ್ಟೆ, ಮಸಿಯಿಂದ ಆಕಾರಗಳನ್ನು ಗುರುತುಮಾಡಿದ ಬಟ್ಟೆ, ಬಣ್ಣಗಳನ್ನು ತುಂಬಿದ ಬಟ್ಟೆ, ಹೀಗೆ ಒಂದೇ ಪಟಕ್ಕೆ ಧೌತ, ಘಟ್ಟಿತ, ಲಾಂಛಿತ, ರಂಜಿತಗಳೆಂಬ ನಾಲ್ಕು ಅವಸ್ಥೆಗಳು ಎಂತೋ, ಅಂತೆಯೇ ಪರಮಾತ್ಮನಿಗೂ ಶುದ್ಧಚೈತನ್ಯ, ಅಂತರ್ಯಾಮಿ, ಸೂತ್ರಾತ್ಮ, ವಿರಾಟ್ ಎಂಬ ನಾಲ್ಕು ಅವಸ್ಥೆಗಳನ್ನು ಶಾಸ್ತ್ರವು ಹೇಳುತ್ತದೆ ಎಂಬುದು ಅಲ್ಲಿನ ಉಪಕ್ರಮ. ಬ್ರಹ್ಮಾದಿ ಸ್ತಂಬಪರ್ಯಂತವಾದ ಸಕಲ ಪ್ರಾಣಿಗಳೂ, ಗಿರಿನದಿಗಳೂ, ಚಿತ್ರದಲ್ಲಿ ಬರೆದ ರೂಪಗಳಂತೆ ಆ ಒಂದು ಪಟದ ಮೇಲೆ ಮೇಲುಕೀಳಾಗಿ ನೆಲೆಸಿವೆ. ಪಟವನ್ನು ತೆಗೆದರೆ ಚಿತ್ರವಿಲ್ಲ, ಚಿತ್ರವನ್ನು ತೆಗೆದರೆ ಪಟಕ್ಕೇನೂ ಕೊರತೆಯಿಲ್ಲ.

ಅನ್ನದ ಗಂಜಿಯೇ ಮೊದಲ ಲೇಪವಾದದ್ದು ನನಗೆ ಬಹುಕಾಲದಿಂದ ಒಂದು ಕೌತುಕ. ತೈತ್ತಿರೀಯೋಪನಿಷತ್ತಿನ ಪಂಚಕೋಶಗಳಲ್ಲಿ ಅನ್ನಮಯವು ಎಲ್ಲಕ್ಕಿಂತ ಹೊರಗಿನದು, ಆತ್ಮಕ್ಕೆ ಅತ್ಯಂತ ದೂರವಾದದ್ದು; ಚಿತ್ರಕಾರನ ಪಟದಲ್ಲಿಯೋ ಅನ್ನವು ಎಲ್ಲಕ್ಕಿಂತ ಒಳಗಿನ ಪದರ, ಪಟಕ್ಕೆ ಅತ್ಯಂತ ಸಮೀಪದ್ದು. ಋಷಿಯು ಹೊರಗಿನಿಂದ ಒಳಕ್ಕೆ ಬರುವವನು, ಚಿತ್ರಕಾರನು ಒಳಗಿನಿಂದ ಹೊರಕ್ಕೆ ಹೋಗುವವನು, ಎಂದಿಟ್ಟುಕೊಂಡರೆ ಇದು ವಿರೋಧವಲ್ಲ; ಒಂದೇ ದಾರಿಯನ್ನು ಇಬ್ಬರು ಎದುರುಬದುರಾಗಿ ನಡೆದದ್ದು, ಅಷ್ಟೇ. ಆದರೆ ಎದುರುಬದುರಾಗಿ ಬರುವ ಇಬ್ಬರಿಗೂ ಒಂದು ಕಡೆ ಭೇಟಿಯಾಗಲೇಬೇಕಷ್ಟೆ. ಅಲ್ಲಿ ಅವರು ಒಬ್ಬರನ್ನೊಬ್ಬರು ಕೇಳಿಕೊಳ್ಳಬಹುದಾದ ಪ್ರಶ್ನೆ ಈ ಲೇಖನದ ವಿಷಯ: ಮೂಲದ ಮೇಲೆ ಕೂತ ಪದರವು ಮೂಲವನ್ನು ಮುಚ್ಚುವುದೋ, ತೋರಿಸುವುದೋ?

ಈ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸಹೊರಟವರು ಬಹುಮಂದಿ ಇದ್ದಾರೆ. ನಾನು ಅದನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳೊಳಗೆ ತಿರುಗಿಸಿ ನೋಡಲು ಇಚ್ಛಿಸುತ್ತೇನೆ; ಏಕೆಂದರೆ ಒಂದು ದಿನದಲ್ಲಿ ಸುತ್ತಿಬರಬಹುದಾದ ಈ ಕಿರುಭೂಮಿಯಲ್ಲಿ, ಪದರವನ್ನು ಕುರಿತು ಭಾರತೀಯರು ಆಲೋಚಿಸಿದ ಮುಖ್ಯಮತಗಳೆಲ್ಲವೂ ಕಲ್ಲಿನಲ್ಲಿ, ಲೋಹದಲ್ಲಿ, ಬಣ್ಣದಲ್ಲಿ ಮೂರ್ತವಾಗಿ ನಿಂತಿವೆ.

ಮೊದಲು ಶ್ರೀರಂಗಪಟ್ಟಣ. 1565ರ ಯುದ್ಧದಲ್ಲಿ ವಿಜಯನಗರವು ಹಾಳಾದ ಮೇಲೆ ಅಲ್ಲಿನ ಚಿತ್ರಗಾರರ ಮನೆತನಗಳು ಆಶ್ರಯವನ್ನರಸಿ ದಕ್ಷಿಣಕ್ಕೆ ಸರಿದವೆಂದೂ, 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ಅದನ್ನೇ ರಾಜಧಾನಿಯಾಗಿ ಮಾಡಿಕೊಂಡ ರಾಜ ಒಡೆಯರು ಅವರಲ್ಲಿ ಕೆಲವರನ್ನು ಪೊರೆದರೆಂದೂ ಪರಂಪರೆಯು ಹೇಳುತ್ತದೆ. ಇಂದು ಮೈಸೂರು ಚಿತ್ರವೆಂದು ಹೆಸರಾದ ಶೈಲಿಯ ತೊಟ್ಟಿಲು ಈ ದ್ವೀಪವೇ. ಮೈಸೂರಿನ ಹೆಸರು ಅದಕ್ಕಂಟಿದ್ದು 1799ರ ನಂತರ ರಾಜಧಾನಿ ಬದಲಾಗಿ, ಮುಮ್ಮಡಿ ಕೃಷ್ಣರಾಜ ಒಡೆಯರ ದೀರ್ಘವಾದ ಆಳ್ವಿಕೆಯಲ್ಲಿ ಆ ಕಲೆಯು ಅರಮನೆಯ ನೆರಳಿನಲ್ಲಿ ಪುಷ್ಟಿಗೊಂಡ ಮೇಲೆ.

ಈ ಚಿತ್ರವನ್ನು ಮಾಡುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹಲಗೆ, ಹಲಗೆಯ ಮೇಲೆ ಅಂಟಿಸಿದ ಬಟ್ಟೆ ಅಥವಾ ಕಾಗದ, ಹುಣಿಸೆಯ ಕಡ್ಡಿಗಳನ್ನು ಸುಟ್ಟು ಮಾಡಿದ ಇದ್ದಿಲಿನಿಂದ ಅದರ ಮೇಲೆ ರೇಖೆ, ರೇಖೆಯ ಮೇಲೆ, ದೇವತೆಯ ಆಭರಣಗಳೂ ಸೆರಗಿನ ಅಂಚುಗಳೂ ಪೀಠ ಪ್ರಭಾವಳಿಗಳೂ ಬರತಕ್ಕ ಎಡೆಗಳಲ್ಲಿ ಮಾತ್ರ, ಸಫೇದವೆಂಬ ಸೀಸದ ಬಿಳುಪು, ರೇವಲಚಿನ್ನಿಯ ಹಳದಿ ಮತ್ತು ಅಂಟುಗಳನ್ನು ಅರೆದು ಕೂಡಿಸಿದ ‘ಮಕ್ಕಿ ಸಫೇದ’ದ ಉಬ್ಬುಗೆಲಸ, ಅದು ಒಣಗಿದ ಮೇಲೆ ಅದರ ಮೇಲೆ ಚಿನ್ನದ ರೇಕು, ಅನಂತರ ಉಳಿದ ಎಡೆಗಳಲ್ಲೆಲ್ಲ ತೆಳುವಾದ, ಗದ್ದಲವಿಲ್ಲದ ಬಣ್ಣಗಳು, ಕಡೆಯಲ್ಲಿ ಚಿತ್ರದ ಮೇಲೆ ತೆಳುಗಾಗದವನ್ನು ಹೊದಿಸಿ ನುಣುಪಾದ ಕಲ್ಲಿನಿಂದ ಉಜ್ಜುವ ಮೆರುಗು. ಮರ, ಬಟ್ಟೆ, ಇದ್ದಿಲು, ಸೀಸ, ಗೋಂದು, ಸುವರ್ಣ, ಅಳಿಲಿನ ಕೂದಲಿನ ಕುಂಚ! ಮಿಶ್ರಮಾಧ್ಯಮವೆಂಬುದು ಯೂರೋಪಿನಿಂದ ಮೊನ್ನೆ ಹಡಗಿಳಿದು ಬಂದ ವಸ್ತುವೆಂದು ಭಾವಿಸುವವರು, 1912ರಲ್ಲಿ ಪಿಕಾಸೊ ತನ್ನ ಪಟದ ಮೇಲೆ ಮುದ್ರಿತವಾದ ಎಣ್ಣೆಬಟ್ಟೆಯ ತುಂಡನ್ನಂಟಿಸಿ ಸುತ್ತಲೂ ಹಗ್ಗವನ್ನು ಕಟ್ಟಿದ ಕಥೆಯನ್ನು ಹೇಳುವರು. ಆ ಸಾಹಸವು ದೊಡ್ಡದೇ. ಆದರೆ ಒಂದು ಚೌಕಟ್ಟಿನೊಳಗೆ ನಾನಾ ದ್ರವ್ಯಗಳನ್ನು ಪದರಪದರವಾಗಿ ಕೂಡಿಸುವ ವಿದ್ಯೆಯು ಕಾವೇರಿಯ ತೀರದಲ್ಲಿ ಆಗಲೇ ಹಳೆಯದಾಗಿತ್ತು.

ಈ ಚಿತ್ರಗಳನ್ನು ಮುಂಭಾಗದಿಂದಲ್ಲದೆ ಪಕ್ಕದಿಂದ, ಓರೆಬೆಳಕಿನಲ್ಲಿ ನೋಡಿದವರಿಗೆ ಒಂದು ವಿಶೇಷವು ತೋರದೆ ಇರದು. ದೇವತೆಯ ಮುಖ, ತೋಳು, ಪಾದಗಳು ಸಮತಲವಾಗಿವೆ. ಕೇವಲ ಒಂದೆರಡು ತೆಳುವರ್ಣಗಳ ಅಂತರದಲ್ಲಿ ಅವು ಪಟಕ್ಕೆ ಅಂಟಿಕೊಂಡಿವೆ. ಪಟದಿಂದ ಮೇಲೆದ್ದಿರುವುದು ಕಿರೀಟ, ಹಾರ, ಜರತಾರಿಯ ಅಂಚು, ಸಿಂಹಾಸನದ ಕೆತ್ತನೆ. ಎಂದರೆ, ಯಾವುದು ದೇವರೋ ಅದು ಆಧಾರಕ್ಕೆ ಅತ್ಯಂತ ಸಮೀಪದಲ್ಲಿದೆ, ಯಾವುದು ದೇವರ ಉಡಿಗೆತೊಡಿಗೆಯೋ ಅದು ಆಧಾರದಿಂದ ಅತ್ಯಂತ ದೂರಕ್ಕೆ ಸರಿದು ಅಲ್ಲಿ ಹೊಳೆಯುತ್ತಿದೆ. ದೀಪದ ಕುಡಿಯು ಅಲುಗಿದಾಗ ಉಬ್ಬಿದ ಚಿನ್ನದ ಎಳೆಗಳ ಮೇಲೆ ಬೆಳಕು ಓಡಾಡುತ್ತದೆ. ಮುಖವು ಅಲುಗದೆ ಇರುತ್ತದೆ. ತಂಜಾವೂರಿನ ಚಿತ್ರಕಾರರು ಉಬ್ಬನ್ನು ಇನ್ನೂ ದಪ್ಪವಾಗಿ ಮಾಡಿ ಗಾಜು ಹರಳುಗಳನ್ನು ಕೂಡಿಸುವರು. ಅದರ ವೈಭವವನ್ನು ಅಲ್ಲಗಳೆಯದೆಯೇ, ನನ್ನ ಕಣ್ಣಿಗೆ ಮೈಸೂರಿನ ತಗ್ಗಿದ ಉಬ್ಬೇ ಹೆಚ್ಚು ಹಿತವೆಂದು ಹೇಳಿಬಿಡುತ್ತೇನೆ, ಏಕೆಂದರೆ ಅಲ್ಲಿ ಚಿನ್ನವು ಮುಖಕ್ಕೆ ದಾರಿಬಿಡುವ ಸೌಜನ್ಯವನ್ನು ಉಳಿಸಿಕೊಂಡಿದೆ.

ವಿದ್ಯಾರಣ್ಯರು ಇದನ್ನು ನೋಡಿದ್ದರೆ ತಮ್ಮ ವಾದಕ್ಕೆ ಸಾಕ್ಷಿ ಸಿಕ್ಕಿತೆಂದು ಸಂತೋಷಪಡುತ್ತಿದ್ದರೇನೋ. ಚಿತ್ರದೊಳಗಣ ಮನುಷ್ಯರಿಗೆ ಚಿತ್ರಕಾರನು ನಾನಾ ಬಗೆಯ ಬಟ್ಟೆಗಳನ್ನು ಉಡಿಸುತ್ತಾನೆ, ಆಧಾರವಾದ ನಿಜವಾದ ಬಟ್ಟೆಗೆ ಸದೃಶವಾಗಿ ಕಲ್ಪಿತವಾದ ಬಟ್ಟೆಗಳು ಅವು. ಬೆಟ್ಟಗುಡ್ಡಗಳಿಗೆ ಮಾತ್ರ ಯಾರೂ ಬಟ್ಟೆ ಬರೆಯುವುದಿಲ್ಲ. ಹಾಗೆಯೇ ಜೀವರಲ್ಲಿ ಚೈತನ್ಯದ ಆಭಾಸವಿದೆ, ಮಣ್ಣುಕಲ್ಲುಗಳಲ್ಲಿ ಅದಿಲ್ಲ. ಬರೆದ ಬಟ್ಟೆಯನ್ನೇ ನಿಜವಾದ ಬಟ್ಟೆಯೆಂದು ತಿಳಿಯುವ ಮೂಢನಂತೆ ಲೋಕವು ಆಭಾಸವನ್ನೇ ಆತ್ಮವೆಂದು ತಿಳಿದು ಸಂಸಾರದಲ್ಲಿ ತೊಳಲುತ್ತದೆ. ಇದು ಅವರ ಯುಕ್ತಿ. ಮೈಸೂರು ಚಿತ್ರದಲ್ಲಿ ಆ ಬರೆದ ಬಟ್ಟೆಯೇ ಎಲ್ಲಕ್ಕಿಂತ ಎತ್ತರವಾಗಿ, ಎಲ್ಲಕ್ಕಿಂತ ಥಳಥಳಿಸುತ್ತ, ಮೊದಲು ಕಣ್ಣನ್ನು ಸೆಳೆಯುವುದಷ್ಟೆ. ಮಿಥ್ಯೆಗೆ ಇದಕ್ಕಿಂತ ಒಳ್ಳೆಯ ಚಿತ್ರಣವುಂಟೆ ಎಂದು ಅದ್ವೈತಿಯು ಕೇಳಿದರೆ ಥಟ್ಟನೆ ಉತ್ತರ ಹೇಳುವುದು ಕಷ್ಟ.

ಉತ್ತರವನ್ನು ಹುಡುಕಲು ಬಹುದೂರ ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣದಿಂದ ಉತ್ತರಕ್ಕೆ, ಪಾಂಡವಪುರ ತಾಲ್ಲೂಕಿನ ಬಂಡೆಗಳ ನಡುವೆ ಮೇಲುಕೋಟೆಯಿದೆ. ರಾಮಾನುಜಾಚಾರ್ಯರು ಚೋಳರಾಜ್ಯವನ್ನು ಬಿಟ್ಟುಬಂದು ಬಹುವರ್ಷ ನೆಲೆಸಿದ್ದ ಆ ಯದುಗಿರಿಯಲ್ಲಿ ಫಾಲ್ಗುಣದ ಒಂದು ರಾತ್ರಿ ಚೆಲುವನಾರಾಯಣನ ಉತ್ಸವಮೂರ್ತಿಯು ವೈರಮುಡಿಯನ್ನು ಧರಿಸಿ ಗರುಡನನ್ನೇರಿ ಬೀದಿಗಿಳಿಯುವುದನ್ನು ನೋಡಲು ಜನ ಕಿಕ್ಕಿರಿದು ಬರುತ್ತಾರೆ. ಆ ಕಿರೀಟವು ವರ್ಷವೆಲ್ಲ ಮಂಡ್ಯದ ಖಜಾನೆಯಲ್ಲಿದ್ದು, ಅಂದು ಕಾವಲಿನೊಡನೆ ಹಳ್ಳಿಹಳ್ಳಿಗಳ ಪೂಜೆಯನ್ನು ಕೈಗೊಳ್ಳುತ್ತ ಬೆಟ್ಟಕ್ಕೆ ಬರುತ್ತದೆ. ಹಗಲ ಬೆಳಕು ಅದಕ್ಕೆ ತಾಗಬಾರದೆಂದು ನಂಬಿಕೆ. ಅದರ ಜೊತೆಗೆ ರಾಜ ಒಡೆಯರು ಅರ್ಪಿಸಿದ ರಾಜಮುಡಿಯೂ, ಮುಮ್ಮಡಿಯವರು ಅರ್ಪಿಸಿದ ಕೃಷ್ಣರಾಜಮುಡಿಯೂ ದೇವರಿಗುಂಟು. ಒಂದು ಮೂರ್ತಿ, ಮೂರು ಕಿರೀಟ, ಮೂರರ ಹಿಂದೆಯೂ ಒಂದೊಂದು ಕಾಲದ ಭಕ್ತಿ. ಮೂರ್ತಿಯ ಪಾದದ ಬಳಿ ದಿಲ್ಲಿಯ ರಾಜಕುಮಾರಿಯೆಂದು ಐತಿಹ್ಯವು ಹೇಳುವ ಬೀಬಿ ನಾಚ್ಚಿಯಾರಳಿಗೂ ಸ್ಥಾನವುಂಟು. ಸಾಮಾನ್ಯನಾದ ಭಕ್ತನಿಗೆ ಅಲ್ಲಿ, ಈ ಕಿರೀಟವು ದೇವರನ್ನು ಮುಚ್ಚುತ್ತಿದೆ ಎಂಬ ಶಂಕೆ ಕನಸಿನಲ್ಲಿಯೂ ಬಾರದು.

ಈ ಭಾವಕ್ಕೆ ಶಾಸ್ತ್ರದ ಬಲವಿದೆ. ಚೇತನಾಚೇತನಾತ್ಮಕವಾದ ಜಗತ್ತೆಲ್ಲವೂ ಬ್ರಹ್ಮದ ಶರೀರ, ಬ್ರಹ್ಮವು ಅದರ ಶರೀರಿ, ಎಂಬ ರಾಮಾನುಜಮತದಲ್ಲಿ ಪದರವು ಸುಳ್ಳಾಗುವಂತೆಯೇ ಇಲ್ಲ. ಶರೀರವು ಶರೀರಿಗೆ ಅಧೀನ, ಶರೀರಿಗಾಗಿಯೇ ಇರತಕ್ಕದ್ದು, ಆದರೂ ಸತ್ಯ. ವಿಷ್ಣುಪುರಾಣದ ಮೊದಲ ಅಂಶದ ಕೊನೆಯ ಅಧ್ಯಾಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಭಗವಂತನು ಧರಿಸಿರುವ ಆಭರಣಾಯುಧಗಳನ್ನು ಒಂದೊಂದಾಗಿ ತತ್ತ್ವಗಳಿಗೆ ಹೊಂದಿಸಿ ತೋರಿಸುತ್ತದೆ: ಕೌಸ್ತುಭವು ನಿರ್ಮಲನಾದ ಜೀವ, ಶ್ರೀವತ್ಸವು ಪ್ರಧಾನ, ಗದೆಯು ಬುದ್ಧಿ, ಚಕ್ರವು ಚಂಚಲವಾದ ಮನಸ್ಸು, ಖಡ್ಗವು ವಿದ್ಯೆ, ಆ ಖಡ್ಗವನ್ನಿಟ್ಟ ಒರೆಯು ಅವಿದ್ಯೆ. ಈ ಕಡೆಯ ಮಾತಿಗೆ ಬಂದಾಗಲೆಲ್ಲ ನಾನು ಓದುವುದನ್ನು ನಿಲ್ಲಿಸಿದ್ದೇನೆ. ಯಾವ ಅವಿದ್ಯೆಯನ್ನು ಹರಿಯಲು ಅದ್ವೈತವು ಅಷ್ಟು ದೊಡ್ಡ ತರ್ಕಪರಂಪರೆಯನ್ನು ಕಟ್ಟಿತೋ ಅದು ಇಲ್ಲಿ ಭಗವಂತನ ನಡುವಿಗೆ ಕಟ್ಟಿದ ಒಂದು ಭೂಷಣ! ಮುಚ್ಚುವುದು ಅದರ ಕೆಲಸವೆಂಬುದನ್ನು ಪುರಾಣವು ಅಲ್ಲಗಳೆಯುವುದಿಲ್ಲ. ಆದರೆ ಒರೆಗೆ ಖಡ್ಗದ ಆಕಾರವೇ ಆಕಾರ. ಒರೆಯನ್ನು ನೋಡಿದವನಿಗೆ ಒಳಗೆ ಏನಿದೆ, ಅದು ಎಷ್ಟುದ್ದ, ಎಲ್ಲಿ ಬಾಗಿದೆ, ಎಂಬುದೆಲ್ಲವೂ ತಿಳಿಯುತ್ತದೆ.

ಪದರದ ವಿಷಯದಲ್ಲಿ ಮೂರನೆಯ ಮತವೊಂದುಂಟು. ಅದಕ್ಕೆ ನಾಗಮಂಗಲದ ಸೀಮೆಗೆ ಹೋಗಬೇಕು. ಕಂಬದಹಳ್ಳಿಯ ಪಂಚಕೂಟ ಬಸದಿಯು ಗಂಗರ ಕಾಲದ ಕಟ್ಟಡ. ಅಲ್ಲಿನ ಜಿನಬಿಂಬಗಳಿಗೆ ಕಿರೀಟವಿಲ್ಲ, ಹಾರವಿಲ್ಲ, ಉಡಿಗೆಯೂ ಇಲ್ಲ. ಜೈನರಿಗೆ ಕರ್ಮವೆಂಬುದು ಅದ್ವೈತಿಯ ಅವಿದ್ಯೆಯಂತೆ ಅನಿರ್ವಚನೀಯವೂ ಅಲ್ಲ, ವೈಷ್ಣವನ ಆಭರಣದಂತೆ ಭಗವದಧೀನವೂ ಅಲ್ಲ. ಅದು ಪುದ್ಗಲ, ಸೂಕ್ಷ್ಮವಾದ ದ್ರವ್ಯವೇ, ಜೀವಕ್ಕೆ ಹರಿದುಬಂದು ಅಂಟಿಕೊಳ್ಳುವಂಥದು. ಜ್ಞಾನಾವರಣೀಯ, ದರ್ಶನಾವರಣೀಯಗಳೇ ಮೊದಲಾಗಿ ಎಂಟು ಬಗೆಯ ಅಂಟುಗಳನ್ನು ಅವರು ಎಣಿಸುತ್ತಾರೆ. ಹೊಸದು ಅಂಟದಂತೆ ತಡೆಯುವುದು ಸಂವರ, ಅಂಟಿದ್ದನ್ನು ಉದುರಿಸುವುದು ನಿರ್ಜರೆ. ಎಂದರೆ ಪದರವು ಸತ್ಯ, ಆದರೆ ತ್ಯಾಜ್ಯ. ಇಷ್ಟಾಗಿಯೂ ಏನನ್ನೂ ತೊಡದ ಆ ಜಿನನನ್ನು ಕೂರಿಸಲು ಶಿಲ್ಪಿಗಳು ಕೆತ್ತನೆಯ ಕಂಬಗಳನ್ನೂ ಅಲಂಕೃತವಾದ ಛತ್ತನ್ನೂ ಕಟ್ಟಿದರು. ಬಿಂಬಕ್ಕೆ ನಿಷಿದ್ಧವಾದ ಅಲಂಕಾರವು ಸುತ್ತಣ ಕಲ್ಲಿಗೆ ವರ್ಗವಾಯಿತು. ಭಕ್ತಿಯು ಎಲ್ಲಿಯಾದರೂ ಒಂದೆಡೆ ತನ್ನ ಪದರವನ್ನು ಹಾಕದೆ ಇರಲಾರದೆಂದು ತೋರುತ್ತದೆ.

ನಾಗಮಂಗಲವು ಲೋಹದ ಕೆಲಸಕ್ಕೂ ಹೆಸರಾದ ಊರು. ಅಲ್ಲಿನ ವಿಶ್ವಕರ್ಮ ಮನೆತನಗಳು ಎರಕದ ವಿಗ್ರಹಗಳನ್ನು ಮಾಡುತ್ತ ಬಂದಿವೆ. ಮೇಣದಿಂದ ಮೂರ್ತಿಯನ್ನು ತಿದ್ದಿ, ಅದರ ಮೇಲೆ ಮೊದಲು ನುಣ್ಣನೆಯ ಮಣ್ಣನ್ನೂ ಆಮೇಲೆ ಒರಟುಮಣ್ಣನ್ನೂ ಪದರಪದರವಾಗಿ ಮೆತ್ತಿ ಒಣಗಿಸಿ, ಬೆಂಕಿಗಿಟ್ಟು ಮೇಣವನ್ನು ಹರಿಸಿ, ಆ ಪೊಳ್ಳಿನೊಳಕ್ಕೆ ಕರಗಿದ ಲೋಹವನ್ನು ಹೊಯ್ದು, ಆರಿದ ಮೇಲೆ ಮಣ್ಣಿನ ಅಚ್ಚನ್ನು ಒಡೆಯುವುದು ಈ ವಿಧಾನ. ಇಲ್ಲಿ ಒಳಗಿನ ಮೇಣವೂ ಉಳಿಯದು, ಹೊರಗಿನ ಮಣ್ಣೂ ಉಳಿಯದು; ಅವೆರಡರ ನಡುವಣ ಗಡಿಯೊಂದೇ ಲೋಹವಾಗಿ ನಿಲ್ಲುತ್ತದೆ. ಮೊದಲ ಮಣ್ಣಿನ ಪದರವು ಒರಟಾದರೆ ದೇವರ ಮುಖವು ಕೆಟ್ಟಿತು. ಒಡೆದುಹಾಕಬೇಕಾದ ಪದರಕ್ಕೇ ಅಷ್ಟು ಸೂಕ್ಷ್ಮವಾದ ಆರೈಕೆ! ಪದರವು ತ್ಯಾಜ್ಯವೆಂಬ ಮತವನ್ನು ಒಪ್ಪಿದರೂ, ತ್ಯಜಿಸುವ ಮುನ್ನ ಅದು ಚೆನ್ನಾಗಿರಬೇಕೆಂಬುದನ್ನು ಎರಕದವನ ಕೈ ಬಲ್ಲದು.

ಕೃಷ್ಣರಾಜಪೇಟೆಯ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವನ್ನು ಇಲ್ಲಿ ಹಾದುಹೋಗುವಾಗ ನೆನೆಯದಿರುವುದು ಸಲ್ಲದು. 13ನೆಯ ಶತಮಾನದ ಈ ಹೊಯ್ಸಳ ತ್ರಿಕೂಟದ ಗೋಡೆಯ ಬುಡದಲ್ಲಿ ಆನೆ, ಕುದುರೆ, ಬಳ್ಳಿ, ಪುರಾಣಕಥೆ, ಮಕರ, ಹಂಸ, ಹೀಗೆ ಕೆಳಗಿನಿಂದ ಮೇಲಕ್ಕೆ ಆರು ಪಟ್ಟಿಗಳು ಸಾಗುತ್ತವೆ. ದ್ರವ್ಯವು ಒಂದೇ ಬಳಪದ ಕಲ್ಲು. ಆದರೂ ಪ್ರದಕ್ಷಿಣೆ ಬರುವವನ ಕಣ್ಣಿಗೆ ಭಾರದಿಂದ ಲಾಘವಕ್ಕೆ, ನೆಲದ ಪ್ರಾಣಿಯಿಂದ ಗಗನದ ಪಕ್ಷಿಗೆ ಏರುವ ಪದರಗಳು. ಮನುಷ್ಯರ ಕಥೆಗೆ ಆ ನಡುವೆ ಒಂದು ಪಟ್ಟಿಯಷ್ಟೇ ಎಡೆ.

ಇವನ್ನೆಲ್ಲ ನೋಡಿದ ಮೇಲೆ ನನಗೆ ತೋರುವುದು ಇಷ್ಟು. ಪದರವು ಸತ್ಯವೋ ಮಿಥ್ಯೆಯೋ ಎಂಬ ಪ್ರಶ್ನೆಯನ್ನು ಆಚಾರ್ಯರುಗಳಿಗೇ ಬಿಡೋಣ. ಕಲೆಯಲ್ಲಿ ಕೇಳಬೇಕಾದದ್ದು ಬೇರೆ. ಮೇಲಣ ಪದರವು ತನ್ನ ಕೆಳಗಿನದನ್ನು ಬಲ್ಲುದೇ? ಇದ್ದಿಲಿನ ರೇಖೆಯು ಎಲ್ಲಿ ಹರಿಯಿತೋ ಅಲ್ಲೇ ಮಕ್ಕಿಯ ಎಳೆ ಹರಿಯುತ್ತದೆ. ಮಕ್ಕಿ ಎಲ್ಲಿ ಉಬ್ಬಿದೆಯೋ ಅಲ್ಲೇ ಚಿನ್ನವು ಕೂರುತ್ತದೆ. ಇದ್ದಿಲು ಇಂದು ಕಾಣದು, ಆದರೆ ಚಿನ್ನದ ಪ್ರತಿಯೊಂದು ತಿರುವಿನಲ್ಲಿಯೂ ಅದರ ಆಜ್ಞೆಯೇ ನಡೆದಿದೆ. ಒರೆಯು ಖಡ್ಗವನ್ನು ಬಲ್ಲಂತೆ ಇವು ಒಂದನ್ನೊಂದು ಬಲ್ಲವು. ಅಂತಹ ಪದರವನ್ನು ಆವರಣವೆನ್ನಲು ನನಗೆ ಮನಸ್ಸು ಬಾರದು. ಚಿತ್ರದೀಪದ ದೃಷ್ಟಾಂತವೂ, ಸೂಕ್ಷ್ಮವಾಗಿ ನೋಡಿದರೆ, ಇದಕ್ಕೆ ವಿರುದ್ಧವಲ್ಲ. ಗಂಜಿಯಿಲ್ಲದೆ ರೇಖೆಯಿಲ್ಲ, ರೇಖೆಯಿಲ್ಲದೆ ವರ್ಣವಿಲ್ಲ ಎಂಬ ಕ್ರಮವನ್ನು ಬಲ್ಲವರಿಂದಲ್ಲದೆ ಆ ದೃಷ್ಟಾಂತವು ಹುಟ್ಟಲಾರದು. ವೈರಾಗ್ಯಶಾಸ್ತ್ರವನ್ನು ಬರೆದ ಆ ಯತಿಗಳು ಚಿತ್ರಗಾರನ ಕೈಕೆಲಸವನ್ನು ಎಷ್ಟು ಗಮನವಿಟ್ಟು ನೋಡಿದ್ದರೆಂಬುದು ಅಲ್ಲಿ ತಿಳಿದುಬರುತ್ತದೆ.

ಕೆಳಗಿನದನ್ನು ಅರಿಯದ ಪದರ ಯಾವುದು? ಅದಕ್ಕೂ ಉದಾಹರಣೆಯು ಶ್ರೀರಂಗಪಟ್ಟಣದಲ್ಲೇ ಇದೆ. 1784ರಲ್ಲಿ ಟೀಪು ಸುಲ್ತಾನನು ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯಲ್ಲಿ, 1780ರಲ್ಲಿ ಪೊಳ್ಳಿಲೂರಿನ ಬಳಿ ಇಂಗ್ಲಿಷರ ಕರ್ನಲ್ ಬೇಲಿಯ ಸೇನೆಯನ್ನು ಹೈದರ್ ಮತ್ತು ಟೀಪು ಮುರಿದ ಯುದ್ಧವು ಚಿತ್ರಿತವಾಗಿದೆ. ಸುತ್ತುವರಿದ ಕುದುರೆಗಳ ನಡುವೆ ಬೇಲಿಯು ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. 1799ರ ಮುತ್ತಿಗೆಗೆ ಮುಂಚೆಯೇ ಈ ಚಿತ್ರವು ಅಳಿಸಲ್ಪಟ್ಟಿತ್ತು. ಮುತ್ತಿಗೆಯ ಬಳಿಕ ಅಲ್ಲಿ ವಾಸಮಾಡಿದ ಇಂಗ್ಲಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯು ತನ್ನ ಕಡೆಯವರ ಸೋಲಿನ ಚಿತ್ರವನ್ನೇ ಮತ್ತೆ ಬರೆಸಿದನು. ಅನಂತರ ಅದರ ಮೇಲೆ ಸುಣ್ಣವು ಬಿದ್ದಿತು. 19ನೆಯ ಶತಮಾನದ ನಡುವಿನಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಅಪ್ಪಣೆಯಿಂದ, ಹಿಂದಿನದನ್ನು ಕಂಡು ನೆನಪಿಟ್ಟಿದ್ದ ದೇಶೀಯ ಚಿತ್ರಕಾರನೊಬ್ಬನ ಕೈಯಿಂದ, ಅದು ಇನ್ನೊಮ್ಮೆ ಮೂಡಿತು. ಇಂದು ನಾವು ನೋಡುವುದು ಮೊದಲಿನ ಚಿತ್ರವೆಂದು ಪ್ರಮಾಣ ಮಾಡಲಾಗದು. ಅದು ಶ್ರುತಿಯಲ್ಲ, ಸ್ಮೃತಿ. ಆದರೂ ಪುನಃ ಬರೆದವನು ಕೆಳಗಿನದನ್ನು ಬಲ್ಲವನಾಗಿದ್ದುದರಿಂದ ಅವನ ಪದರವು ಹಳೆಯದರ ಶರೀರವೇ ಆಯಿತು. ಸುಣ್ಣ ಬಳಿದವನ ಪದರವಾದರೋ ಗೋಡೆಯನ್ನು ಬಿಟ್ಟು ಬೇರೆ ಏನನ್ನೂ ಬಲ್ಲದು. ಪರಿಶುಭ್ರವಾಗಿ, ಸಮವಾಗಿ, ಯಾವ ಚಿಹ್ನೆಯೂ ಇಲ್ಲದೆ ಇರುವ ಆ ಬಿಳುಪನ್ನು ಧೌತಪಟವೆಂದು ಭ್ರಮಿಸಬಾರದು. ಆವರಣವೆಂಬ ಹೆಸರು ಒಪ್ಪುವುದು ಅದಕ್ಕೆ.

ಈಗಿನ ಚಿತ್ರಪ್ರದರ್ಶನಗಳಲ್ಲಿ ಮಿಶ್ರಮಾಧ್ಯಮವೆಂಬ ಚೀಟಿಯ ಕೆಳಗೆ ಮರಳು, ಪತ್ರಿಕೆಯ ಚೂರು, ತುಕ್ಕುಹಿಡಿದ ಮೊಳೆ, ಕುಂಕುಮ, ಓಂಕಾರಗಳನ್ನು ಒಟ್ಟಿಗೆ ಕಾಣುವುದುಂಟು. ಅವುಗಳಲ್ಲಿ ಕೆಲವು ನಿಜವಾಗಿಯೂ ಗಂಭೀರವಾದ ಕೃತಿಗಳು. ಮಿಕ್ಕವು ದ್ರವ್ಯವನ್ನು ಪೇರಿಸಿದರೆ ಅರ್ಥವೂ ಪೇರಿಕೊಳ್ಳುವುದೆಂಬ ನಂಬಿಕೆಯ ಫಲ. ಓಂಕಾರವನ್ನು ಮರಳಿನ ಮೇಲೆ ಅಂಟಿಸಿದವನಿಗೆ ಮರಳೇ ಏಕೆ ಎಂಬುದಕ್ಕೆ ಉತ್ತರವಿರಬೇಕು. ಪ್ರತೀಕವು ಹೊರಗಿನಿಂದ ತಂದು ಮೆತ್ತುವ ವಸ್ತುವಲ್ಲ.

ಇನ್ನೊಂದು ವಿಷಯವನ್ನು ಓದುಗರಲ್ಲಿ ಬಿನ್ನವಿಸಿಕೊಂಡು ಮುಗಿಸುತ್ತೇನೆ. ಈ ನಾಲ್ಕು ತಾಲ್ಲೂಕುಗಳ ಎಷ್ಟೋ ಮನೆಗಳ ದೇವರಗೂಡಿನಲ್ಲಿ ಅಜ್ಜನ ಕಾಲದ ಉಬ್ಬುಗೆಲಸದ ಪಟಗಳು ಹೊಗೆ ಹಿಡಿದು ಕಪ್ಪಾಗಿ ನಿಂತಿರುತ್ತವೆ. ಎಷ್ಟೋ ಹಳ್ಳಿಯ ಗುಡಿಗಳಲ್ಲಿ ಹಳೆಯ ಕೆತ್ತನೆಯು ಜೀರ್ಣೋದ್ಧಾರಕ್ಕಾಗಿ ಕಾದಿರುತ್ತದೆ. ಪಟಗಳನ್ನು ಒದ್ದೆಬಟ್ಟೆಯಿಂದ ಒರೆಸಬೇಡಿ. ಗೋಂದು ನೀರಿಗೆ ಕರಗುವ ವಸ್ತು, ಮಕ್ಕಿಯೂ ಬಣ್ಣವೂ ಅದರೊಡನೆ ಎದ್ದುಬರುತ್ತವೆ. ಚೌಕಟ್ಟಿನ ಗಾಜು ಉಬ್ಬುಗೆಲಸಕ್ಕೆ ತಾಗಿ ಒತ್ತದಂತೆ ಅಂತರವಿಡಿಸಿ. ಗುಡಿಯ ಕಲ್ಲಿನ ಮೇಲೆ ಎನಾಮಲ್ ಬಣ್ಣವನ್ನು ಬಳಿಸುವ ಮೊದಲು, ಅದರ ಕೆಳಗೆ ಏನಿದೆಯೆಂಬುದನ್ನು ಬಲ್ಲವರೊಬ್ಬರನ್ನು ಕರೆಸಿ ತೋರಿಸಿ.